ದನಿಯಿಲ್ಲದ ಅಳು

ಗಂಟಲಮಾರಿ ಎಂಬ ಹೆಸರನ್ನು ಕೇಳಿದೊಡನೆ ತಾಯಂದಿರ ಎದೆ ನಡುಗುತ್ತಿದ್ದ ಕಾಲವೊಂದಿತ್ತು. ವೈದ್ಯರು ಡಿಫ್ತೀರಿಯಾ ಎಂದು ಕರೆಯುವ ಈ ರೋಗದಲ್ಲಿ ಮಗುವಿನ ಗಂಟಲಿನ ಒಳಗೋಡೆಯ ಮೇಲೆ ಬೂದುಬಣ್ಣದ, ತೊಗಲಿನಂಥ ಪೊರೆಯೊಂದು ಹರಡಿಕೊಳ್ಳುತ್ತದೆ. ಪೊರೆ ಕೆಳಗಿಳಿದು ಧ್ವನಿಪೆಟ್ಟಿಗೆಯನ್ನು ಮುಟ್ಟಿತೆಂದರೆ ಉಸಿರಿನ ದಾರಿ ಗಳಿಗೆ ಗಳಿಗೆಗೂ ಕಿರಿದಾಗುತ್ತ ಬರುತ್ತದೆ. ಮಗು ಕತ್ತು ಸೆಟೆದು, ಪಕ್ಕೆಲುಬುಗಳ ನಡುವಣ ಚರ್ಮ ಒಳಕ್ಕೆ ಸೇದಿಹೋಗುವಂತೆ ಉಸಿರೆಳೆಯುತ್ತದೆ, ತುಟಿ ನೀಲಿಗಟ್ಟುತ್ತದೆ. ಕತ್ತಿನಲ್ಲಿ ರಂಧ್ರ ಕೊರೆದು ಶ್ವಾಸನಾಳವನ್ನು ತೆರೆಯುವುದೊಂದೇ ಆಗ ಉಳಿದಿದ್ದ ಉಪಾಯ. ನ್ಯೂಯಾರ್ಕಿನಲ್ಲಿ ಅನಾಥ ಶಿಶುಗಳಿಗೆ ಆಶ್ರಯವಾಗಿದ್ದ ಫೌಂಡ್ಲಿಂಗ್ ಅಸೈಲಮ್ಮಿನಲ್ಲಿ ಹಾಗೆ ಕತ್ತು ಕೊಯ್ಸಿಕೊಂಡ ಮಕ್ಕಳಲ್ಲಿ ಬದುಕಿದವರು ಇಲ್ಲವೆಂದೇ ಹೇಳಬೇಕು.

ಅಲ್ಲಿನ ವೈದ್ಯರಾದ ಜೋಸೆಫ್ ಓಡ್ವಯರ್ ಈ ಸಾವುಗಳನ್ನು ಕಂಡು ಕಂಡು ಬೇಸತ್ತಿದ್ದರು. ಕತ್ತನ್ನು ಕೊಯ್ಯದೆ, ಬಾಯಿಯ ಮೂಲಕವೇ ಪುಟ್ಟ ನಳಿಕೆಯೊಂದನ್ನು ಧ್ವನಿಪೆಟ್ಟಿಗೆಗೆ ಇಳಿಸಿ ದಾರಿಯನ್ನು ತೆರೆದಿಡಬಹುದಲ್ಲವೇ ಎಂಬ ಯೋಚನೆ ಅವರದು. ಯೋಚನೆ ಹೊಸದೇನಲ್ಲ. 1858ರಲ್ಲಿಯೇ ಪ್ಯಾರಿಸಿನ ಯೂಜೀನ್ ಬುಷೂ ಎಂಬವರು ಇದನ್ನು ಮಾಡಿ ತೋರಿಸಿದ್ದರು. ಆ ನಗರದ ವೈದ್ಯಕೀಯ ಅಕಾಡೆಮಿ ಹಿರಿಯರ ವಿರೋಧಕ್ಕೆ ಮಣಿದು ಅವರ ಪದ್ಧತಿಯನ್ನು ತಳ್ಳಿಹಾಕಿತ್ತು. ಹಿರಿಯರು ಬೇಡವೆಂದದ್ದನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಲು ಮತ್ತೊಂದು ಖಂಡದ ಮತ್ತೊಬ್ಬ ವೈದ್ಯ ಬೇಕಾಯಿತು. ಓಡ್ವಯರ್ ವರ್ಷಗಟ್ಟಲೆ ನಳಿಕೆಯ ಆಕಾರವನ್ನು ತಿದ್ದಿದರು. ಉದ್ದ ಹೆಚ್ಚಿಸಿದರು, ನಡುವನ್ನು ಉಬ್ಬಿಸಿದರು, ಗಂಟಲಿನ ಒಳಪದರಕ್ಕೆ ಹುಣ್ಣಾಗದಂತೆ ಅಂಚನ್ನು ನುಣುಪುಗೊಳಿಸಿದರು. 1885ರಲ್ಲಿ ತಮ್ಮ ವಿಧಾನವನ್ನು ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆ ವಿಧಾನವನ್ನು ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಮಗುವನ್ನು ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ ದಾದಿಯ ತೊಡೆಯ ಮೇಲೆ ನೆಟ್ಟಗೆ ಕೂರಿಸುವುದು. ಇನ್ನೊಬ್ಬರು ಹಿಂದೆ ನಿಂತು ತಲೆಯನ್ನು ಅಲುಗದಂತೆ ಹಿಡಿಯುವುದು. ಬಾಯಿ ಮುಚ್ಚದಂತೆ ಹಲ್ಲುಗಳ ನಡುವೆ ಲೋಹದ ಸಾಧನವೊಂದನ್ನು ಇರಿಸುವುದು. ವೈದ್ಯರ ಎಡಗೈ ತೋರುಬೆರಳು ನಾಲಗೆಯ ಬುಡವನ್ನು ದಾಟಿ ಧ್ವನಿಪೆಟ್ಟಿಗೆಯ ಬಾಯನ್ನು ತಡವಿ ಹುಡುಕುತ್ತದೆ. ಬಲಗೈಯ ಸಲಕರಣೆಯ ತುದಿಯಲ್ಲಿರುವ ನಳಿಕೆ ಆ ಬೆರಳಿನ ಪಕ್ಕದಲ್ಲಿಯೇ ಜಾರಿ ಇಳಿಯುತ್ತದೆ. ಕಣ್ಣಿಗೆ ಏನೂ ಕಾಣದು, ಬೆರಳೇ ಕಣ್ಣು. ಅರಿವಳಿಕೆಯ ಮಾತೇ ಇಲ್ಲ. ನಳಿಕೆ ಹೊಟ್ಟೆಯ ದಾರಿಯನ್ನು ಹಿಡಿದುಬಿಟ್ಟರೆ ಹಿಂದಕ್ಕೆ ಎಳೆದುಕೊಳ್ಳಲು ಅದಕ್ಕೊಂದು ರೇಷ್ಮೆಯ ದಾರ. ಎಲ್ಲವೂ ಕೆಲವೇ ಕ್ಷಣಗಳಲ್ಲಿ ಮುಗಿಯಬೇಕು, ಏಕೆಂದರೆ ಅಷ್ಟು ಹೊತ್ತೂ ಮಗುವಿಗೆ ಉಸಿರಿಲ್ಲ.

ನಳಿಕೆ ಸರಿಯಾದ ಜಾಗದಲ್ಲಿ ಕೂತಿತೆಂದರೆ ಮಗು ಒಮ್ಮೆ ಬಲವಾಗಿ ಕೆಮ್ಮುತ್ತದೆ. ಆಮೇಲೆ ಕರ್ಕಶವಾದ ಆ ಎಳೆದಾಟದ ಸದ್ದು ನಿಲ್ಲುತ್ತದೆ. ತುಟಿಗೆ ಕೆಂಪು ಮರಳುತ್ತದೆ. ದಿನಗಟ್ಟಲೆ ನಿದ್ದೆಗೆಟ್ಟಿದ್ದ ಮಗು ದಾದಿಯ ತೋಳಿನಲ್ಲಿಯೇ ನಿದ್ದೆಹೋಗುತ್ತದೆ. ಕೋಣೆಯಲ್ಲಿ ನೆಲಸಿದ ಆ ಮೌನವೇ ಗೆಲುವಿನ ಗುರುತಾಯಿತು. ಧ್ವನಿತಂತುಗಳ ನಡುವೆಯೇ ನಳಿಕೆ ಕುಳಿತಿದ್ದರಿಂದ ಮಗು ಅತ್ತರೂ ಸದ್ದು ಹೊರಡುತ್ತಿರಲಿಲ್ಲ. ಅದನ್ನು ಕೊರತೆಯೆಂದು ಎಣಿಸಿದವರು ಆಗ ಯಾರೂ ಇರಲಿಲ್ಲ. ಎಣಿಸಬೇಕಾದ ಕಾರಣವೂ ಇರಲಿಲ್ಲ. ಸಾಯಲಿದ್ದ ಮಗು ಉಳಿದಿತ್ತು.

ಆದರೂ ನಳಿಕೆ ದೇಹದಿಂದ ಏನನ್ನೋ ಕಸಿದುಕೊಂಡಿದೆ ಎಂಬುದು ದಾದಿಯರಿಗೆ ಊಟದ ಹೊತ್ತಿಗೆ ತಿಳಿದುಬರುತ್ತಿತ್ತು. ಧ್ವನಿಪೆಟ್ಟಿಗೆ ಬರಿಯ ದನಿಗಾಗಿ ಇರುವ ಅಂಗವಲ್ಲ. ನುಂಗುವಾಗ ಅದು ಮುಚ್ಚಿಕೊಂಡು ಹಾಲು, ನೀರು, ಎಂಜಲು ಶ್ವಾಸಕೋಶಕ್ಕೆ ಇಳಿಯದಂತೆ ಕಾಯುವ ಬಾಗಿಲು. ನಳಿಕೆ ಆ ಬಾಗಿಲನ್ನು ಸದಾ ತೆರೆದಿಟ್ಟಿತು. ಮಗು ಹಾಲು ಕುಡಿದರೆ ನೆತ್ತಿಗೇರಿ ಕೆಮ್ಮಿ ಕಂಗೆಡುತ್ತಿತ್ತು. ತಲೆಯನ್ನು ಎದೆಗಿಂತ ಕೆಳಗೆ ಮಾಡಿ ಕುಡಿಸಿದರೆ ಹಾಲು ದಾರಿ ತಪ್ಪುವುದಿಲ್ಲವೆಂದು ಕಂಡುಕೊಂಡದ್ದು ಆಮೇಲಿನ ಮಾತು.

1890ರ ದಶಕದಲ್ಲಿ ಗಂಟಲಮಾರಿಗೆ ಪ್ರತಿವಿಷದ ಮದ್ದು ಬಂದಿತು. ಓಡ್ವಯರ್ 1898ರಲ್ಲಿ ತೀರಿಕೊಂಡರು. ಅವರ ನಳಿಕೆ ಮೆಲ್ಲಗೆ ಪೆಟ್ಟಿಗೆ ಸೇರಿತು.

ಹಸುಗೂಸಿನ ಗಂಟಲು

ನಳಿಕೆ ಮತ್ತೆ ಹೊರಬಂದದ್ದು ಇನ್ನೂ ಚಿಕ್ಕ ರೋಗಿಗಳಿಗಾಗಿ, ಎಂದರೆ ದಿನ ತುಂಬುವ ಮೊದಲೇ ಹುಟ್ಟಿಬಿಟ್ಟ ಕೂಸುಗಳಿಗಾಗಿ. ಆ ಕೂಸಿನ ಗಂಟಲನ್ನು ದೊಡ್ಡವರ ಗಂಟಲಿನ ಚಿಕ್ಕ ಪ್ರತಿಯೆಂದು ತಿಳಿಯಬಾರದು. ಧ್ವನಿಪೆಟ್ಟಿಗೆ ಕತ್ತಿನಲ್ಲಿ ಬಹಳ ಮೇಲಿದೆ. ನಾಲಗೆ ಬಾಯಿಯ ಅಳತೆಗೆ ದೊಡ್ಡದು. ಧ್ವನಿಪೆಟ್ಟಿಗೆಯ ಮೇಲಿನ ಮುಚ್ಚಳ ಉದ್ದವಾಗಿ, ಮೆತ್ತಗೆ ಮಡಿಚಿಕೊಂಡಿರುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ಮಗುವಿನ ಶ್ವಾಸನಾಳದ ಉದ್ದವೇ ಸುಮಾರು 4 ಸೆಂಟಿಮೀಟರು. ಧ್ವನಿತಂತುಗಳ ಕೆಳಗೆ ಮೃದ್ವಸ್ಥಿಯ ಒಂದು ಪೂರ್ಣ ಬಳೆ ಇದೆ. ಶ್ವಾಸನಾಳದ ಉಳಿದ ಉಂಗುರಗಳು ಹಿಂದುಗಡೆ ತೆರೆದಿರುವುದರಿಂದ ಸ್ವಲ್ಪ ಹಿಗ್ಗಬಲ್ಲವು, ಈ ಬಳೆ ಹಿಗ್ಗದು. ಮಾಪನಪಟ್ಟಿಯ ಒಂದು ಗೆರೆಯಷ್ಟು ತಪ್ಪಿದರೂ ಇಲ್ಲಿ ದೊಡ್ಡ ತಪ್ಪೇ.

ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೂಸಿಗೆ ಹಾಕುವ ನಳಿಕೆಯ ಒಳವ್ಯಾಸ ಎರಡೂವರೆ ಮಿಲಿಮೀಟರು. ಎರಡು ಕಿಲೋ ದಾಟಿದ ಕೂಸಿಗೆ ಮೂರೂವರೆ. ಕೇವಲ ಒಂದು ಮಿಲಿಮೀಟರಿನ ಅಂತರ! ಆದರೆ ಕಿರಿದಾದ ಕೊಳವೆಯಲ್ಲಿ ಹರಿವಿಗೆ ಒದಗುವ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆಂದು ಫ್ರಾನ್ಸಿನ ವೈದ್ಯ ಪ್ವಾಸ್ಯೂಯ್ 1840ರ ದಶಕದಲ್ಲಿಯೇ ತೋರಿಸಿದ್ದರು. ಆ ಲೆಕ್ಕದಲ್ಲಿ ಚಿಕ್ಕ ನಳಿಕೆಯ ತಡೆ ದೊಡ್ಡದರ ತಡೆಗಿಂತ ಹೆಚ್ಚುಕಡಮೆ ನಾಲ್ಕು ಪಟ್ಟು. ಅತಿ ದುರ್ಬಲವಾದ ಕೂಸಿಗೇ ಅತಿ ಇಕ್ಕಟ್ಟಾದ ದಾರಿ. ಬೊಂಬೆಗೆ ಹಾಲು ಕುಡಿಸುವ ಕೊಳವೆಯಂಥದರ ಮೂಲಕ ನಿಮಿಷಕ್ಕೆ ನಲವತ್ತರಿಂದ ಅರವತ್ತು ಬಾರಿ ಅದು ಉಸಿರಾಡಬೇಕು. ಯಂತ್ರದ ನೆರವಿಲ್ಲದೆ ಬಹಳ ಹೊತ್ತು ಹಾಗೆ ಬಿಟ್ಟರೆ ಕೂಸು ಬಳಲುತ್ತದೆ.

1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರಿಗೆ ಗಂಡುಮಗು ಹುಟ್ಟಿತು, ಐದೂವರೆ ವಾರ ಮುಂಚೆ. ಪ್ಯಾಟ್ರಿಕ್ ಎಂದು ಹೆಸರಿಟ್ಟರು. ತೂಕ ಎರಡು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಇಂದಿನ ಕಣ್ಣಿಗೆ ಅಷ್ಟೇನೂ ಚಿಕ್ಕ ಕೂಸಲ್ಲ. ಆದರೆ ಶ್ವಾಸಕೋಶದ ಗಾಳಿಗೂಡುಗಳು ಪ್ರತಿ ಉಸಿರಿನ ಕೊನೆಗೂ ಕುಸಿದು ಅಂಟಿಕೊಳ್ಳುತ್ತಿದ್ದವು. ಅವನ್ನು ತೆರೆದಿಡುವ ಜಿಡ್ಡಿನಂಥ ಸ್ರಾವವೊಂದು ಇಂಥ ಕೂಸುಗಳಲ್ಲಿ ಇನ್ನೂ ಸಾಲದಾಗಿರುತ್ತದೆಂದು ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಎಂಬ ವಿಜ್ಞಾನಿಗಳು 1959ರಲ್ಲಿಯೇ ತೋರಿಸಿದ್ದರು. ಕಾರಣ ತಿಳಿದಿತ್ತು, ಮದ್ದು ಇರಲಿಲ್ಲ. ಹೆಚ್ಚು ಒತ್ತಡದ ಪ್ರಾಣವಾಯುವನ್ನು ತುಂಬಿದ ಉಕ್ಕಿನ ಕೋಣೆಯಲ್ಲಿ ಮಗುವನ್ನಿಟ್ಟು ನೋಡಿದರು. 39 ಗಂಟೆಗಳ ಬಾಳು ಮುಗಿಯಿತು. ಪ್ರಪಂಚದ ಅತಿ ಬಲಶಾಲಿಯಾದ ತಂದೆಗೆ ದೊರೆಯದಿದ್ದುದು ಬಡವರ ಮಕ್ಕಳಿಗೆ ದೊರೆಯುವುದೆಂತು? ಕೂಸುಗಳ ಉಸಿರಾಟದ ಯಂತ್ರಗಳ ಮೇಲೆ ಆ ವರ್ಷಗಳಲ್ಲಿ ಕೆಲಸ ಭರದಿಂದ ಸಾಗಿತು. ಯಂತ್ರಕ್ಕೂ ಕೂಸಿಗೂ ನಡುವಿನ ಸೇತುವೆ ಅದೇ ನಳಿಕೆ.

ನರಳಿಕೆಯ ಗುಟ್ಟು

ಇಂಥ ಕೂಸುಗಳಿಗೆ ಒಂದು ಲಕ್ಷಣವಿದೆ. ಪ್ರತಿ ಸಲ ಉಸಿರು ಬಿಡುವಾಗಲೂ ಅವು ನರಳುತ್ತವೆ. ಸಣ್ಣಗೆ, ಹೂಂಕರಿಸಿದಂತೆ, ಎಡೆಬಿಡದೆ. ತೊಟ್ಟಿಲ ಬಳಿ ಕುಳಿತವರಿಗೆ ಕರುಳು ಕಿವಿಚಿದಂತಾಗುವ ಸದ್ದು ಅದು. ರೋಗದ ಸಂಕಟವೇ ಹೀಗೆ ಹೊರಬರುತ್ತಿದೆ ಎಂದೇ ಬಹುಕಾಲ ಎಲ್ಲರ ತಿಳಿವಳಿಕೆಯಾಗಿತ್ತು.

ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಹ್ಯಾರಿಸನ್ ಮತ್ತು ಅವರ ಸಂಗಡಿಗರು ಈ ನರಳಿಕೆಯನ್ನು ಬೇರೊಂದು ರೀತಿಯಲ್ಲಿ ಆಲಿಸಿದರು. ನರಳುತ್ತಿದ್ದ ಕೂಸುಗಳಿಗೆ ನಳಿಕೆ ಹಾಕಿದಾಗ ನರಳಿಕೆ ನಿಂತಿತು. ಹೊರಗಿನಿಂದ ನೋಡಿದವರಿಗೆ ಕೂಸು ಸುಖವಾಗಿದೆ ಎನಿಸಬೇಕು. ಆದರೆ ರಕ್ತವನ್ನು ಪರೀಕ್ಷಿಸಿದರೆ ಪ್ರಾಣವಾಯುವಿನ ಪ್ರಮಾಣ ಇಳಿದಿತ್ತು! ನಳಿಕೆ ತೆಗೆದರು, ನರಳಿಕೆ ಮರಳಿತು, ಪ್ರಾಣವಾಯುವೂ ಏರಿತು. 1968ರಲ್ಲಿ ಪ್ರಕಟವಾದ ಈ ಸಂಗತಿಯ ಅರ್ಥ ಇಷ್ಟೆ: ನರಳಿಕೆ ಕೂಸು ತನಗೆ ತಾನೇ ಮಾಡಿಕೊಳ್ಳುತ್ತಿದ್ದ ಚಿಕಿತ್ಸೆ. ಉಸಿರು ಬಿಡುವಾಗ ಧ್ವನಿತಂತುಗಳನ್ನು ಅರೆಮುಚ್ಚಿ, ಗಾಳಿ ಒಮ್ಮೆಗೇ ಹೊರಟುಹೋಗದಂತೆ ತಡೆದು, ಆ ಒತ್ತಡದಿಂದ ಗಾಳಿಗೂಡುಗಳು ಕುಸಿಯದಂತೆ ಅದು ಕಾಪಾಡಿಕೊಳ್ಳುತ್ತಿತ್ತು. ಹುಟ್ಟಿ ಕೆಲವೇ ಗಂಟೆಯಾಗಿರುವ, ಎರಡು ಅಂಗೈಯಲ್ಲಿ ಹಿಡಿಸುವ ಜೀವಕ್ಕೆ ಇದನ್ನು ಯಾರು ಕಲಿಸಿದರು? ನಳಿಕೆ ಧ್ವನಿತಂತುಗಳನ್ನು ಅಗಲಿಸಿ ಹಿಡಿದೊಡನೆ ಆ ವಿದ್ಯೆಗೆ ಎಡೆಯಿಲ್ಲದಾಯಿತು.

ಕಸಿದುಕೊಂಡದ್ದನ್ನು ಹಿಂದಕ್ಕೆ ಕೊಡುವುದು ಹೇಗೆ? ಸ್ಯಾನ್‌ಫ್ರಾನ್ಸಿಸ್ಕೋದ ಅರಿವಳಿಕೆ ತಜ್ಞ ಜಾರ್ಜ್ ಗ್ರೆಗರಿ ಇದೇ ಎಳೆಯನ್ನು ಹಿಡಿದು ನಡೆದರು. ಕೂಸು ತಾನಾಗಿ ಉಸಿರಾಡುತ್ತಿರಲಿ, ಆದರೆ ನಳಿಕೆಯ ಹೊರತುದಿಯಲ್ಲಿ ಗಾಳಿಯ ಒತ್ತಡ ಎಂದೂ ಸೊನ್ನೆಗೆ ಇಳಿಯದಂತೆ ನೋಡಿಕೊಂಡರೆ ಸಾಕು. ನರಳಿಕೆ ಮಾಡುತ್ತಿದ್ದ ಕೆಲಸವನ್ನು ಆ ಒತ್ತಡ ಮಾಡುತ್ತದೆ ಎಂಬುದು ಅವರ ಎಣಿಕೆ. 1971ರಲ್ಲಿ ಅವರು ಮತ್ತು ಸಂಗಡಿಗರು ಇಪ್ಪತ್ತು ಕೂಸುಗಳ ಸಮಾಚಾರವನ್ನು ಪ್ರಕಟಿಸಿದರು. ಹದಿನಾರು ಬದುಕಿದ್ದವು. ಈ ವಿಧಾನವೇ ಸಿಪ್ಯಾಪ್ ಎಂಬ ಹೆಸರಿನಿಂದ ಇಂದು ಎಲ್ಲೆಡೆಯೂ ಬಳಕೆಯಲ್ಲಿದೆ. ಈಗಂತೂ ಎಷ್ಟೋ ಕೂಸುಗಳಿಗೆ ಗಂಟಲಿನ ನಳಿಕೆಯ ಗೊಡವೆಯೇ ಇಲ್ಲದೆ ಮೂಗಿನ ಮೂಲಕವೇ ಈ ಒತ್ತಡವನ್ನು ಕೊಡುತ್ತಾರೆ. ಬೆಂಗಳೂರಿನ ಕೋಯೋ ಲ್ಯಾಬ್ಸ್ ರೂಪಿಸಿದ ಸಾನ್ಸ್ ಎಂಬ ಪುಟ್ಟ ಯಂತ್ರ, ದೊಡ್ಡ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿಯೂ ವಿದ್ಯುತ್ತು ಕೈಕೊಟ್ಟಲ್ಲಿಯೂ ಕೂಸಿಗೆ ಇದೇ ಒತ್ತಡ ತಪ್ಪದಿರಲೆಂದು ಹುಟ್ಟಿದ್ದು.

ಹೀಗಿದ್ದರೂ ನಳಿಕೆ ಬೇಕೇ ಬೇಕಾದ ಕೂಸುಗಳು ಇದ್ದೇ ಇವೆ. ಉಸಿರಾಟವನ್ನೇ ಮರೆತುಬಿಡುವಷ್ಟು ಎಳೆಯವು, ಶಸ್ತ್ರಕ್ರಿಯೆಗೆ ಹೋಗಬೇಕಾದವು, ಸೋಂಕಿನಿಂದ ಬಸವಳಿದವು. 1980ರಲ್ಲಿ ಜಪಾನಿನ ಫುಜಿವಾರ ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಆ ಜಿಡ್ಡಿನ ಸ್ರಾವವನ್ನು ಹತ್ತು ಕೂಸುಗಳ ಶ್ವಾಸಕೋಶಕ್ಕೆ ಇಳಿಸಿ ಗೆದ್ದಾಗ ಮದ್ದು ಹೋದ ದಾರಿಯೂ ನಳಿಕೆಯೇ. ಆದ್ದರಿಂದ ನಳಿಕೆಯನ್ನು ದೂರುವುದು ಸಲ್ಲದು. ಅದು ಒಳಗೆ ಹೋಗುವಾಗ ಕೂಸಿನ ಮೈಯಲ್ಲಿ ಏನು ನಡೆಯುತ್ತದೆಂದು ಕೇಳುವುದು ಸಲ್ಲುತ್ತದೆ.

ಮೂವತ್ತು ಸೆಕೆಂಡು

ಇಂದಿನ ವೈದ್ಯರಿಗೆ ಓಡ್ವಯರ್ ಅವರಂತೆ ತಡಕಾಡುವ ಕಷ್ಟವಿಲ್ಲ. ದೀಪವುಳ್ಳ ಚಪ್ಪಟೆ ಅಲಗಿನ ಉಪಕರಣದಿಂದ ನಾಲಗೆಯನ್ನು ಒತ್ತಿ, ಧ್ವನಿಪೆಟ್ಟಿಗೆಯ ಮುಚ್ಚಳವನ್ನು ಎತ್ತಿ, ಧ್ವನಿತಂತುಗಳನ್ನು ಕಣ್ಣಾರೆ ಕಂಡು ನಳಿಕೆಯನ್ನು ಇಳಿಸುತ್ತಾರೆ. ಒಂದು ಪ್ರಯತ್ನಕ್ಕೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಾರದೆಂದು ನಿಯಮ. ದೊಡ್ಡವರ ಹೋಲಿಕೆಯಲ್ಲಿ ಕೂಸು ತನ್ನ ತೂಕಕ್ಕೆ ಸುಮಾರು ಎರಡು ಪಟ್ಟು ಪ್ರಾಣವಾಯುವನ್ನು ಸುಡುತ್ತದೆ, ಕೂಡಿಟ್ಟ ದಾಸ್ತಾನೋ ಅತ್ಯಲ್ಪ. ಉಸಿರು ನಿಂತ ಕೆಲವೇ ಸೆಕೆಂಡುಗಳಲ್ಲಿ ರಕ್ತದಲ್ಲಿ ಪ್ರಾಣವಾಯು ಇಳಿಯತೊಡಗುತ್ತದೆ.

ಅಷ್ಟರಲ್ಲಿ ಮತ್ತೊಂದು ನಡೆಯುತ್ತದೆ. ಗಂಟಲಿನಿಂದ ಹೃದಯದವರೆಗೂ ಹಬ್ಬಿರುವ ವೇಗಸ್ ಎಂಬ ನರವೊಂದಿದೆ. ಅಲಗಿನ ತುದಿ ಗಂಟಲ ಹಿಂಭಾಗವನ್ನು ಒತ್ತಿದೊಡನೆ ಈ ನರ ಕೆರಳಿ ಹೃದಯದ ಓಟಕ್ಕೆ ಕಡಿವಾಣ ಹಾಕುತ್ತದೆ. ನಿಮಿಷಕ್ಕೆ ನೂರಿಪ್ಪತ್ತರಿಂದ ನೂರರವತ್ತು ಬಾರಿ ಮಿಡಿಯುತ್ತಿದ್ದ ಹೃದಯ ನೂರಕ್ಕಿಂತ ಕೆಳಗಿಳಿಯಬಹುದು. ಎಳೆಯ ಹೃದಯಕ್ಕೆ ಪ್ರತಿ ಮಿಡಿತದಲ್ಲಿ ಹೆಚ್ಚು ರಕ್ತವನ್ನು ನೂಕಿ ಸರಿದೂಗಿಸುವ ಶಕ್ತಿ ಅಷ್ಟಾಗಿ ಇಲ್ಲ. ಮಿಡಿತ ತಗ್ಗಿದರೆ ರಕ್ತಸಂಚಾರವೇ ತಗ್ಗಿದಂತೆ. ಅದೇ ಹೊತ್ತಿಗೆ ರಕ್ತದ ಒತ್ತಡ ಮಾತ್ರ ಮೇಲಕ್ಕೇರುತ್ತದೆ. ಒಂದು ಕಡೆ ಕಡಿವಾಣ, ಇನ್ನೊಂದು ಕಡೆ ಚಾವಟಿ.

ಈ ಎರಡರ ನಡುವೆ ಸಿಕ್ಕಿಬೀಳುವುದು ಮಿದುಳು. ಕೂಸಿನ ನೆತ್ತಿ ಇನ್ನೂ ಕೂಡಿರುವುದಿಲ್ಲ. ಅಜ್ಜಿಯರು ಹರಳೆಣ್ಣೆ ಒತ್ತುವ ಆ ಮೆತ್ತನೆಯ ಜಾಗದ ಮೇಲೆ ಪುಟ್ಟ ಮಾಪಕವನ್ನಿರಿಸಿದರೆ ತಲೆಯೊಳಗಿನ ಒತ್ತಡವನ್ನು ತಿಳಿಯಬಹುದು. ನಳಿಕೆ ಹಾಕುವಾಗ ಆ ಒತ್ತಡಕ್ಕೆ ಏನಾಗುತ್ತದೆಂದು ಮೊದಮೊದಲು ಅಧ್ಯಯನ ಮಾಡಿದವರಲ್ಲಿ ಚಿಕಾಗೋದಲ್ಲಿದ್ದ ಭಾರತೀಯ ಮೂಲದ ವೈದ್ಯರಾದ ತೋನ್ಸೆ ರಾಜು ಮತ್ತು ಧರ್ಮಪುರಿ ವಿದ್ಯಾಸಾಗರ್ ಇದ್ದರು. ಅವರ ಬರಹ 1980ರಲ್ಲಿ ಹೊರಬಂದಿತು. ಎಚ್ಚರವಿರುವ ಕೂಸಿಗೆ ನಳಿಕೆ ಹಾಕುವಾಗ ತಲೆಯೊಳಗಿನ ಒತ್ತಡ ಏರುತ್ತದೆಂಬುದು ಆ ದಶಕದ ಅಧ್ಯಯನಗಳಿಂದ ದೃಢಪಟ್ಟಿತು. ದಿನ ತುಂಬದ ಕೂಸಿನ ಮಿದುಳಿನ ನಡುಭಾಗದಲ್ಲಿ ಜೇಡರ ಬಲೆಯಂಥ ತೆಳುವಾದ ರಕ್ತನಾಳಗಳ ಜಾಲವಿರುತ್ತದೆ. ರಕ್ತದೊತ್ತಡದ ಇಂಥ ಏರಿಳಿತಗಳಲ್ಲಿ ಅವು ಒಡೆಯುವ ಭಯವಿದೆ. ಒಡೆದರೆ ಮಗುವಿನ ಮುಂದಿನ ನಡಿಗೆ, ಮಾತು, ಬುದ್ಧಿ ಎಲ್ಲಕ್ಕೂ ಪೆಟ್ಟು ಬೀಳಬಹುದು.

1984ರಲ್ಲಿ ಕೆನಡಾದ ಕೆಲ್ಲಿ ಮತ್ತು ಫೈನರ್ ಮೂವತ್ತು ಕೂಸುಗಳನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಯಾವ ಔಷಧವೂ ಇಲ್ಲ. ಇನ್ನೊಂದಕ್ಕೆ ವೇಗಸ್ ನರದ ಆಟವನ್ನು ತಡೆಯುವ ಅಟ್ರೋಪಿನ್. ಮೂರನೆಯದಕ್ಕೆ ಅಟ್ರೋಪಿನ್ನಿನ ಜೊತೆಗೆ ಸ್ನಾಯುಗಳನ್ನು ಸಡಿಲಗೊಳಿಸುವ ಪ್ಯಾಂಕುರೋನಿಯಂ. ಅಟ್ರೋಪಿನ್ ಪಡೆದ ಕೂಸುಗಳಲ್ಲಿ ಹೃದಯದ ಮಿಡಿತ ಅಷ್ಟು ಕುಸಿಯಲಿಲ್ಲ. ಸ್ನಾಯು ಸಡಿಲಗೊಂಡವುಗಳಲ್ಲಿ ತಲೆಯೊಳಗಿನ ಒತ್ತಡದ ಏರಿಕೆಯೂ ಕಡಿಮೆಯಾಯಿತು.

ಇಲ್ಲೊಂದು ಸೂಕ್ಷ್ಮವಿದೆ; ಓದುಗರು ಗಮನಿಸಬೇಕು. ಅಟ್ರೋಪಿನ್ ನೋವನ್ನು ಕಳೆಯುವ ಮದ್ದಲ್ಲ. ಪ್ಯಾಂಕುರೋನಿಯಂ ಕೂಡ ಅಲ್ಲ. ನಳಿಕೆ ಕೂಸಿನ ದನಿಯನ್ನು ಕಸಿಯುತ್ತದೆ. ಅಟ್ರೋಪಿನ್ ಹೃದಯದ ದೂರನ್ನು ಅಡಗಿಸುತ್ತದೆ. ಸ್ನಾಯುಗಳನ್ನು ಸಡಿಲಿಸುವ ಮದ್ದು ಕೈಕಾಲು ಬಡಿಯುವ ಕೊನೆಯ ಉಪಾಯವನ್ನೂ ಇಲ್ಲವಾಗಿಸುತ್ತದೆ. ನೋಡುವವರ ಕಣ್ಣಿಗೆ ತೊಟ್ಟಿಲು ಶಾಂತವಾಗಿರುತ್ತದೆ. ಒಳಗಿನ ಕೂಸಿಗೆ ಏನಾಗುತ್ತಿದೆಯೆಂದು ಹೇಳುವವರು ಯಾರೂ ಇಲ್ಲ.

ಹಸುಗೂಸಿಗೆ ನೋವು ತಿಳಿಯುವುದೇ?

ಹಸುಗೂಸಿನ ನರಮಂಡಲ ಇನ್ನೂ ಬಲಿತಿಲ್ಲ, ಅದಕ್ಕೆ ನೋವು ದೊಡ್ಡವರಿಗಾಗುವಂತೆ ಆಗುವುದಿಲ್ಲ, ಆದರೂ ನೆನಪುಳಿಯುವುದಿಲ್ಲ ಎಂಬ ನಂಬಿಕೆ 1980ರ ದಶಕದವರೆಗೂ ವೈದ್ಯರಲ್ಲಿ ವ್ಯಾಪಕವಾಗಿತ್ತು. ಇದನ್ನು ಕೇಳಿದರೆ ಹತ್ತು ಹೆತ್ತ ಯಾವ ತಾಯಿಯೂ ನಕ್ಕುಬಿಟ್ಟಾಳು. ಆದರೆ ಆ ನಂಬಿಕೆಯ ಹಿಂದೆ ಬರಿಯ ಕಲ್ಲೆದೆ ಇತ್ತೆಂದು ಹೇಳಲಾಗದು, ಭಯವೂ ಇತ್ತು. ನೋವು ಕಳೆಯುವ ಮದ್ದುಗಳು ಉಸಿರನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತವೆ. ಒಂದು ಕಿಲೋ ತೂಕದ ಜೀವಕ್ಕೆ ಆ ಅಪಾಯ ಸಣ್ಣದಲ್ಲ.

ಇಂದೋರಿನಲ್ಲಿ ವೈದ್ಯಶಾಸ್ತ್ರ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್ ಎಂಬ ಯುವಕ ವೈದ್ಯರು ಅಲ್ಲಿ ಒಂದು ವಿಚಿತ್ರವನ್ನು ಕಂಡರು. ಶಸ್ತ್ರಕ್ರಿಯೆಗೆ ಹೋದ ಎಳೆಯ ಕೂಸುಗಳು ಹೋಗುವಾಗ ಇದ್ದುದಕ್ಕಿಂತ ಹದಗೆಟ್ಟ ಸ್ಥಿತಿಯಲ್ಲಿ ಮರಳುತ್ತಿದ್ದವು. ಅವುಗಳಿಗೆ ಕೊಡುತ್ತಿದ್ದುದು ನಗೆಯನಿಲ ಮತ್ತು ಸ್ನಾಯು ಸಡಿಲಿಸುವ ಮದ್ದು, ಅಷ್ಟೆ. ಆನಂದ್ ಕೂಸುಗಳ ಅಳುವನ್ನು ಅಳೆಯಲು ಹೋಗಲಿಲ್ಲ, ಅಳುವೇ ಇರಲಿಲ್ಲವಲ್ಲ! ರಕ್ತದಲ್ಲಿ ಸಂಕಟದ ಹಾರ್ಮೋನುಗಳನ್ನು ಅಳೆದರು. ಹೃದಯದ ಬಳಿಯ ರಕ್ತನಾಳವೊಂದನ್ನು ಕಟ್ಟುವ ಶಸ್ತ್ರಕ್ರಿಯೆಗೆ ಒಳಗಾದ ದಿನ ತುಂಬದ ಕೂಸುಗಳಲ್ಲಿ ಕೆಲವಕ್ಕೆ ಫೆಂಟನಿಲ್ ಎಂಬ ನೋವುನಿವಾರಕವನ್ನೂ ಸೇರಿಸಿ ಕೊಟ್ಟರು. ಅವುಗಳಲ್ಲಿ ಹಾರ್ಮೋನುಗಳ ಏರಿಕೆ ಬಹಳ ಕಡಿಮೆಯಾಯಿತು; ಶಸ್ತ್ರಕ್ರಿಯೆಯ ನಂತರದ ತೊಡಕುಗಳೂ ಕಡಿಮೆಯಾದವು. 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಹಳೆಯ ನಂಬಿಕೆಯ ಬುಡವನ್ನೇ ಅಲುಗಿಸಿತು. ಕೂಸು ದನಿಯಿಂದ ಹೇಳಲಾರದ್ದನ್ನು ರಕ್ತ ಹೇಳಿತ್ತು.

ಅಲ್ಲಿಂದಾಚೆಗೆ ಕೂಸಿನ ಮೈಯ ಭಾಷೆಯನ್ನು ಓದುವ ವಿದ್ಯೆಯೇ ಬೆಳೆಯಿತು. 1996ರಲ್ಲಿ ಕೆನಡಾದ ಬಾನೀ ಸ್ಟೀವನ್ಸ್ ಮತ್ತು ಸಂಗಡಿಗರು ದಿನ ತುಂಬದ ಕೂಸುಗಳ ನೋವಿಗೆ ಅಂಕ ಹಾಕುವ ಕ್ರಮವೊಂದನ್ನು ಪ್ರಕಟಿಸಿದರು. ಹುಬ್ಬು ಗಂಟಿಕ್ಕಿದೆಯೇ, ಕಣ್ಣು ಬಿಗಿದುಕೊಂಡಿದೆಯೇ, ಮೂಗಿನಿಂದ ತುಟಿಯವರೆಗಿನ ಗೆರೆ ಆಳವಾಗಿದೆಯೇ, ಹೃದಯದ ಮಿಡಿತ ಎಷ್ಟು ಬದಲಾಯಿತು, ಪ್ರಾಣವಾಯು ಎಷ್ಟು ಇಳಿಯಿತು, ಕೂಸು ಮಲಗಿತ್ತೇ ಎಚ್ಚರವಿತ್ತೇ, ಎಷ್ಟು ವಾರಕ್ಕೆ ಹುಟ್ಟಿದ್ದು. ಈ ಏಳನ್ನೂ ಕೂಡಿಸಬೇಕು. ಆ ಪಟ್ಟಿಯಲ್ಲಿ ಅಳುವಿನ ಸದ್ದಿಗೆ ಸ್ಥಾನವೇ ಇಲ್ಲ. ನಳಿಕೆಯ ಕೂಸನ್ನೂ ಅದು ಬಿಟ್ಟುಬಿಡುವುದಿಲ್ಲ.

2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಹೆರಿಗೆಯ ಕೋಣೆಯ ತುರ್ತು ಮುಂತಾದ ಸಂದರ್ಭಗಳನ್ನು ಬಿಟ್ಟರೆ, ಕೂಸಿಗೆ ನಳಿಕೆ ಹಾಕುವ ಮುನ್ನ ನೋವು ಕಳೆಯುವ ಔಷಧ ಕೊಡಬೇಕೆಂದು ಸಲಹೆ ಮಾಡಿತು. ಹಾಗೆಂದು ಔಷಧ ಸುರಿದರೆ ಎಲ್ಲವೂ ಸರಿಹೋಯಿತೆಂದಲ್ಲ. ಫೆಂಟನಿಲನ್ನು ಅವಸರದಿಂದ ಚುಚ್ಚಿದರೆ ಎದೆಗೂಡೇ ಸೆಟೆದುಕೊಂಡು ಗಾಳಿ ಒಳಗೆ ಹೋಗದಂತಾಗಬಹುದು. ಯಂತ್ರದ ನೆರವಿನಲ್ಲಿರುವ ಎಲ್ಲ ಕೂಸುಗಳಿಗೂ ಮಾರ್ಫಿನ್ ಹರಿಸುತ್ತಿದ್ದರೆ ಮಿದುಳಿಗೆ ರಕ್ಷಣೆ ದೊರೆತೀತೆಂಬ ಆಸೆಯಿಂದ ನಡೆದ ದೊಡ್ಡ ಪರೀಕ್ಷೆಯೊಂದು 2004ರಲ್ಲಿ ಆ ಆಸೆಯನ್ನು ಸುಳ್ಳಾಗಿಸಿತು. ಆ ಪರೀಕ್ಷೆಯನ್ನು ನಡೆಸಿದವರಲ್ಲಿ ಮೊದಲಿಗರು ಅದೇ ಆನಂದ್ ಎಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಮದ್ದಿಗಿಂತ ಮೊದಲು ಬೇಕಾದದ್ದು ತೊಟ್ಟಿಲ ಬಳಿ ನಿಂತು ಮುಖವನ್ನು ನೋಡುವ ಕಣ್ಣು. ಗಾಜಿನ ಪೆಟ್ಟಿಗೆಯೊಳಗೆ ಕೈಯಿಟ್ಟು ಕೂಸಿನ ಕೈಕಾಲುಗಳನ್ನು ಗರ್ಭದಲ್ಲಿದ್ದಂತೆ ಮಡಿಚಿ ಹಿಡಿದುಕೊಂಡರೆ ಸಂಕಟ ಇಳಿಯುವುದನ್ನು ಮಾಪಕಗಳೇ ತೋರಿಸುತ್ತವೆ. ನಳಿಕೆಯಿರುವ ಕೂಸನ್ನೂ ಸ್ಥಿತಿ ನೆಟ್ಟಗಿದ್ದರೆ ತಾಯಿಯ ಬರಿಯ ಎದೆಯ ಮೇಲೆ ಮಲಗಿಸುವ ರೂಢಿ ಅನೇಕ ಆಸ್ಪತ್ರೆಗಳಲ್ಲಿ ಬಂದಿದೆ.

ನಳಿಕೆಯೊಡನೆ ದಿನಗಳು

ನಳಿಕೆ ಒಳಗಿಳಿದ ಮೇಲೆ ಅದು ಸರಿಯಾದ ದಾರಿಯಲ್ಲಿದೆಯೇ ಎಂದು ತಿಳಿಯಲು ಒಂದು ಸೊಗಸಾದ ಉಪಾಯವುಂಟು. ಹೊರತುದಿಗೆ ಪುಟ್ಟ ಡಬ್ಬಿಯೊಂದನ್ನು ಸಿಕ್ಕಿಸುತ್ತಾರೆ. ಅದರೊಳಗಿನ ಕಾಗದ ನೇರಳೆ ಬಣ್ಣದ್ದು. ಕೂಸು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ತಾಕಿದರೆ ಅದು ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ತಿರುಗದಿದ್ದರೆ ನಳಿಕೆ ಬಹುಮಟ್ಟಿಗೆ ಅನ್ನನಾಳದಲ್ಲಿದೆ ಎಂದರ್ಥ.

ಆಮೇಲಿನದು ಕಾವಲಿನ ಕೆಲಸ. ಶ್ವಾಸನಾಳವೇ 4 ಸೆಂಟಿಮೀಟರು ಆದ್ದರಿಂದ ನಳಿಕೆಗೆ ಅತ್ತಿತ್ತ ಸರಿಯಲು ಜಾಗವಿಲ್ಲ. ಕೂಸಿನ ಗದ್ದ ಎದೆಯ ಕಡೆಗೆ ಬಾಗಿದರೆ ನಳಿಕೆ ಒಳಕ್ಕೆ ಜಾರುತ್ತದೆ, ಗದ್ದ ಎತ್ತಿದರೆ ಹೊರಕ್ಕೆ. ಹೆಚ್ಚು ಒಳಗೆ ಹೋದರೆ ನೇರವಾಗಿರುವ ಬಲಗಡೆಯ ಕವಲನ್ನು ಹಿಡಿದು, ಎಡ ಶ್ವಾಸಕೋಶಕ್ಕೆ ಗಾಳಿಯೇ ಇಲ್ಲದಂತಾಗುತ್ತದೆ. ಮೂಗನ್ನು ಬಳಸದೆ ಹೋಗುವ ಗಾಳಿಗೆ ಬಿಸುಪೂ ತೇವವೂ ಇರದು. ಅವನ್ನು ಯಂತ್ರವೇ ಒದಗಿಸಬೇಕು, ಇಲ್ಲದಿದ್ದರೆ ಕಫ ಗಟ್ಟಿಯಾಗಿ ಆ ಎರಡೂವರೆ ಮಿಲಿಮೀಟರಿನ ದಾರಿ ಕಟ್ಟಿಕೊಳ್ಳುತ್ತದೆ. ಧ್ವನಿತಂತುಗಳನ್ನು ಮುಚ್ಚಿ ಒತ್ತಡ ಕೂಡಿಸಿಕೊಳ್ಳದೆ ಕೆಮ್ಮಲು ಬಾರದು. ಆದ್ದರಿಂದ ದಾದಿ ಸಣ್ಣ ಕೊಳವೆಯಿಂದ ಕಫವನ್ನು ಸೆಳೆದು ತೆಗೆಯಬೇಕು. ಪ್ರತಿ ಸಲವೂ ಪ್ರಾಣವಾಯು ಇಳಿಯುತ್ತದೆ, ಹೃದಯ ತುಸು ತಡವರಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯ ಆ ಹಿಗ್ಗದ ಬಳೆಯದು. ದಪ್ಪ ನಳಿಕೆ ಅಲ್ಲಿನ ಒಳಪದರವನ್ನು ಒತ್ತಿದರೆ ರಕ್ತಸಂಚಾರ ನಿಂತು ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ ಗಾಯದ ಕಲೆ ಕುಗ್ಗಿ ದಾರಿಯನ್ನೇ ಕಿರಿದುಗೊಳಿಸುತ್ತದೆ. ನಾಲ್ಕು ಮಿಲಿಮೀಟರಿನ ದಾರಿಯಲ್ಲಿ ಸುತ್ತಲೂ ಒಂದೇ ಮಿಲಿಮೀಟರು ಊತ ಬಂದರೂ ಉಳಿಯುವ ಕಂಡಿ ಮೊದಲಿನದರ ಕಾಲುಭಾಗ. 1962ರಲ್ಲಿ ಬೇರೂತಿನ ಬರ್ನಾರ್ಡ್ ಬ್ರಾಂಡ್‌ಸ್ಟೇಟರ್ ಕತ್ತು ಕೊಯ್ಯದೆ ನಳಿಕೆಯನ್ನೇ ದಿನಗಟ್ಟಲೆ ಇರಿಸಬಹುದೆಂದು ತೋರಿಸಿದ ಮೇಲೆ ಈ ಅಪಾಯ ಎದ್ದುಕಂಡಿತು. ಮೆಲ್ಬರ್ನಿನ ಮಕ್ಕಳ ಆಸ್ಪತ್ರೆಯ ಸ್ಟಾಕ್ಸ್ ಅದಕ್ಕೆ ಪರಿಹಾರ ಹೇಳಿದರು. ಮೈಯ ಬಿಸುಪಿಗೆ ಮೆತ್ತಗಾಗುವ ಪ್ಲಾಸ್ಟಿಕ್ಕಿನ ನಳಿಕೆಯನ್ನು ಆರಿಸಿ, ಅದರ ಸುತ್ತ ಸ್ವಲ್ಪ ಗಾಳಿ ಸೋರುವಷ್ಟು ಸಡಿಲವಾಗಿರುವಂತೆ ನೋಡಿಕೊಳ್ಳಬೇಕು. ಕೊಳಾಯಿಯವನಿಗೆ ಸೋರಿಕೆ ಎಂದರೆ ಕೆಟ್ಟ ಕೆಲಸ. ಕೂಸಿನ ಗಂಟಲಲ್ಲಿ ಸೋರಿಕೆಯೇ ಒಳ್ಳೆಯ ಕೆಲಸದ ಗುರುತು.

ನಳಿಕೆ ತೆಗೆಯುವ ದಿನವನ್ನು ತಾಯಿತಂದೆಗಳು ಹಬ್ಬದಂತೆ ಕಾಯುತ್ತಾರೆ. ಅಂಟುಪಟ್ಟಿಯನ್ನು ನೆನೆಸಿ ಬಿಡಿಸಿ, ಕಫ ತೆಗೆದು, ನಳಿಕೆಯನ್ನು ಮೆಲ್ಲಗೆ ಹೊರಕ್ಕೆಳೆದೊಡನೆ ಕೂಸು ಬಾಯಿ ತೆರೆದು ಅಳುತ್ತದೆ. ಎಷ್ಟೋ ತಾಯಂದಿರು ತಮ್ಮ ಮಗುವಿನ ದನಿಯನ್ನು ಕೇಳುವುದು ಅಂದೇ ಮೊದಲು. ಆ ದನಿ ಒಡೆದಿರುತ್ತದೆ, ಕೀರಲಾಗಿ, ಎಲ್ಲೋ ದೂರದಿಂದ ಬಂದಂತೆ. ಧ್ವನಿತಂತುಗಳ ಊತ ಇಳಿಯುವವರೆಗೂ ಸಾಮಾನ್ಯವಾಗಿ ಹಾಗೆಯೇ. ದಾದಿ ಅದನ್ನು ಲೆಕ್ಕಿಸದೆ ಬೇರೊಂದಕ್ಕೆ ಕಿವಿಯಾನಿಸಿರುತ್ತಾಳೆ. ಅಳುವಿನ ನಡುನಡುವೆ ಕೂಸು ಉಸಿರು ಒಳಗೆಳೆದುಕೊಳ್ಳುವಾಗ ಕೂಗುವಂಥ ಕರ್ಕಶ ಸದ್ದೇನಾದರೂ ಬರುತ್ತಿದೆಯೇ? ಬಂದರೆ ಬಳೆಯ ಬಳಿ ಊತವಿದೆ; ಹಬೆಯಾಗಿ ಕೊಡಬೇಕಾದ ಅಡ್ರಿನಲಿನ್ ಪಕ್ಕದ ಮೇಜಿನ ಮೇಲೆ ಸಿದ್ಧವಿದೆ. ಬರದಿದ್ದರೆ ಕೂಸು ಅಳಲಿ ಎಂದು ಬಿಡುತ್ತಾಳೆ. ಗಂಟೆಗೊಮ್ಮೆ ಬಂದು ಕೇಳಿಸಿಕೊಂಡು ಚೀಟಿಯಲ್ಲಿ ಬರೆದಿಡುತ್ತಾಳೆ.